ಮೂರು ದೇಶದ ಕ್ಲಬ್‌ಗಳು, ಹದಿನೇಳರ ಹುಡುಗ, ವಾಸಿಯಾಗದ ಮಣಿಕಟ್ಟು

ಓದುಗರ ಪ್ರಶ್ನೆ:

ಡಾಕ್ಟರೇ, ನಮಸ್ಕಾರ. ನಾವು ಮೂಲತಃ ಹಾಸನದ ಕಡೆಯವರು. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಬಹಳ ವರ್ಷಗಳಿಂದ ಇದ್ದೇವೆ. ಒಬ್ಬನೇ ಮಗ. ಇಲ್ಲೇ ಹುಟ್ಟಿದವನು, ಬ್ರಿಟಿಷ್ ಪಾಸ್‌ಪೋರ್ಟ್ ಇದೆ, ಈಗ ಹದಿನೇಳು. ಮನೆಯ ಹತ್ತಿರದ ಟ್ರ್ಯಾಕ್‌ನಲ್ಲಿ ಚಿಕ್ಕಂದಿನಲ್ಲೇ ಸ್ಪೀಡ್‌ವೇ, ಅಂದರೆ ಮಣ್ಣಿನ ಟ್ರ್ಯಾಕ್ ರೇಸಿನ ಬೈಕ್ ಹತ್ತಿದ. ಈ ವರ್ಷ ಇಲ್ಲಿಯ ಮೂರನೇ ದರ್ಜೆಯ ನ್ಯಾಷನಲ್ ಡೆವಲಪ್‌ಮೆಂಟ್ ಲೀಗ್‌ನ ಒಂದು ತಂಡಕ್ಕೂ ಎರಡನೇ ದರ್ಜೆಯ ಚಾಂಪಿಯನ್‌ಶಿಪ್ ಲೀಗ್‌ನ ಇನ್ನೊಂದು ತಂಡಕ್ಕೂ ಓಡಿಸಿ ಒಳ್ಳೆಯ ಪಾಯಿಂಟ್ ತಂದ. ಮುಂದಿನ ಸೀಸನ್ನಿಗೆ ಪೋಲೆಂಡಿನ ಮೊದಲ ದರ್ಜೆಯ ಲೀಗ್ ಎಕ್ಸ್‌ಟ್ರಾಲೀಗಾದ ಕ್ಲಬ್ ಒಂದು ಒಪ್ಪಂದದ ಕರಡು ಕಳಿಸಿದೆ. ಸ್ವೀಡನ್ನಿನ ಎರಡನೇ ದರ್ಜೆಯ ಲೀಗ್‌ನಿಂದಲೂ ಕರೆ ಬಂದಿದೆ. ಇಲ್ಲಿಯ ಚಾಂಪಿಯನ್‌ಶಿಪ್ ಕ್ಲಬ್ಬಿಗೂ ಅವನು ಬೇಕು.

ಕೋಚ್ ಹೇಳುವುದು: 'ಈ ವಯಸ್ಸಿಗೆ ಎಷ್ಟು ರೇಸ್ ಸಿಕ್ಕರೂ ಬಿಡಬಾರದು, ಓಡಿಸಿದಷ್ಟೂ ಕಲಿಯುತ್ತಾನೆ.' ನಮ್ಮ ಯಜಮಾನರು ಒಂದೇ ಕ್ಲಬ್ ಸಾಕು ಅನ್ನುತ್ತಾರೆ. ಮೈದುನ ಬೆಂಗಳೂರಿನಿಂದ ಫೋನ್ ಮಾಡಿ, ಪೋಲೆಂಡಿನಲ್ಲಿ ಕೈತುಂಬ ದುಡ್ಡಂತೆ, ಯಾಕೆ ಯೋಚನೆ ಮಾಡ್ತೀರಿ ಅಂತಾನೆ. ಮಗನಿಗೆ ಮೂರೂ ಬೇಕು. ಮೇ-ಜೂನ್‌ನಲ್ಲಿ ಅವನ ಎ-ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಪರೀಕ್ಷೆ ಬೇರೆ ಇದೆ.

ಇನ್ನೊಂದು ವಿಷಯ. ಸೆಪ್ಟೆಂಬರ್‌ನಲ್ಲಿ ಬಿದ್ದಾಗಿನಿಂದ ಎಡಗೈ ಮಣಿಕಟ್ಟು ನೋವು ಅನ್ನುತ್ತಾನೆ. ಅವತ್ತೇ ಎಕ್ಸ್‌ರೇ ತೆಗೆದರು, ಏನೂ ಇಲ್ಲ ಅಂದರು. ರೇಸ್ ದಿನ ಅವರಪ್ಪನ ಬೆನ್ನುನೋವಿನ ಮಾತ್ರೆ ನುಂಗಿ ಹೋಗುತ್ತಿದ್ದ. ಕ್ಲಬ್ಬಿಗೆ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಎಷ್ಟು ಕ್ಲಬ್ಬಿಗೆ ಒಪ್ಪಬಹುದು, ದಯವಿಟ್ಟು ತಿಳಿಸಿ.

ಉತ್ತರ:

ನಿಮ್ಮ ಪತ್ರದಲ್ಲಿ ಕ್ಲಬ್‌ಗಳ ವಿಷಯ ಬಹಳ ಇದೆ, ಮಣಿಕಟ್ಟಿನ ವಿಷಯ ಕೊನೆಯಲ್ಲಿ ನಾಲ್ಕು ಸಾಲು. ನಾನು ಆ ನಾಲ್ಕು ಸಾಲಿನಿಂದಲೇ ಶುರು ಮಾಡಬೇಕು. ಕ್ರೀಡಾ ವೈದ್ಯನಾಗಿ ಬ್ರಿಟನ್ನಿನ ಸ್ಪೀಡ್‌ವೇ ಟ್ರ್ಯಾಕ್‌ಗಳಲ್ಲಿ ಬಹಳ ಕಾಲ ಕರ್ತವ್ಯ ಮಾಡಿದ್ದೇನೆ. 'ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದರೂ ನೋವು ಹೋಗಿಲ್ಲ' ಅನ್ನುವ ಮಾತು ಹದಿನೇಳರ ಹುಡುಗನ ಬಾಯಿಂದ ಬಂದರೆ ನನ್ನ ತಲೆಗೆ ಮೊದಲು ಬರುವುದು ಸ್ಕೇಫಾಯ್ಡ್ ಎಂಬ ಮೂಳೆ.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಅವುಗಳಲ್ಲಿ ಹೆಬ್ಬೆರಳಿನ ಬುಡಕ್ಕೆ ಇರುವುದೇ ಈ ಸ್ಕೇಫಾಯ್ಡ್. ಬೀಳುವಾಗ ಅಂಗೈ ಊರಿದರೆ ಈ ಎಂಟರಲ್ಲಿ ಮೊದಲು ಬಿರುಕು ಬಿಡುವುದು ಸಾಮಾನ್ಯವಾಗಿ ಇದೇ. ಬಿದ್ದ ದಿನದ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣದೇ ಹೋಗುವುದು ಅಪರೂಪವಲ್ಲ. ಅದಕ್ಕೇ ಅನುಮಾನವಿದ್ದರೆ ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯಬೇಕು ಅಥವಾ ಎಂಆರ್‌ಐ ಮಾಡಿಸಬೇಕು. ನಿಮ್ಮ ಮಗ ಆ ಎರಡನೇ ಪರೀಕ್ಷೆಗೆ ಹೋಗಿಲ್ಲ.

ಇವತ್ತು ಸಂಜೆ ಹೀಗೆ ಮಾಡಿ. ಅವನನ್ನು ಎದುರಿಗೆ ಕೂರಿಸಿಕೊಂಡು, ಎಡಗೈ ಹೆಬ್ಬೆರಳನ್ನು ಬೆರಳುಗಳಿಂದ ದೂರಕ್ಕೆ, ಮೇಲಕ್ಕೆ ಚಾಚಲು ಹೇಳಿ. ಹೆಬ್ಬೆರಳಿನ ಬುಡದಲ್ಲಿ ಎರಡು ಸ್ನಾಯುರಜ್ಜುಗಳು ಹುರಿಯಂತೆ ಎದ್ದು, ನಡುವೆ ಚಿಕ್ಕದೊಂದು ಗುಳಿ ಬೀಳುತ್ತದೆ. ಆ ಗುಳಿಯನ್ನು ನಿಮ್ಮ ತೋರುಬೆರಳಿನ ತುದಿಯಿಂದ ಒತ್ತಿ. ಆಮೇಲೆ ಬಲಗೈಯಲ್ಲೂ ಅಷ್ಟೇ ಬಲದಿಂದ ಒತ್ತಿ. ಎಡಗೈಯಲ್ಲಿ ಮಾತ್ರ ಅವನು ಕೈ ಹಿಂದಕ್ಕೆಳೆದುಕೊಂಡರೆ, ವಾರದೊಳಗೆ ಕೈ ಮೂಳೆಯ ತಜ್ಞರನ್ನು ಕಾಣಲೇಬೇಕು. ಒತ್ತಿದಾಗ ನೋವಿಲ್ಲದಿದ್ದರೂ, ತಿಂಗಳು ಕಳೆದ ಮೇಲೂ ನೋವು ಹೋಗದ ಕೈಯನ್ನು ಒಮ್ಮೆ ತೋರಿಸಲೇಬೇಕು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಮೂಳೆಗೆ ರಕ್ತ ಬರುವುದು ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ತಲುಪದೆ ಅದು ಕೂಡಿಕೊಳ್ಳದೇ ಉಳಿಯಬಹುದು, ಸತ್ತೂ ಹೋಗಬಹುದು. ಸಕಾಲಕ್ಕೆ ಗೊತ್ತಾದರೆ ಕೆಲವು ವಾರ ಪ್ಲಾಸ್ಟರ್, ಇಲ್ಲವೇ ಒಂದು ಸಣ್ಣ ಸ್ಕ್ರೂ. ಗೊತ್ತಾಗದೇ ಹೋದರೆ ಕೆಲವು ವರ್ಷಗಳಲ್ಲಿ ಸಂಧಿವಾತ ಹಿಡಿದ ಮಣಿಕಟ್ಟು. ಸ್ಪೀಡ್‌ವೇಯಲ್ಲಿ ಎಡಗೈಗೆ ಕ್ಲಚ್. ರೇಸ್ ಶುರುವಾಗಲು ಸವಾರರ ಮುಂದೆ ಅಡ್ಡ ಕಟ್ಟಿದ ಸ್ಟಾರ್ಟ್ ಟೇಪ್ ಮೇಲೇಳುವ ಕ್ಷಣದಲ್ಲಿ ಆ ಕ್ಲಚ್ ಬಿಡುವ ರೀತಿಯೇ ಅರ್ಧ ರೇಸನ್ನು ತೀರ್ಮಾನಿಸುತ್ತದೆ. ನೋವಿರುವ ಕೈ ಅಲ್ಲಿ ಕೂದಲೆಳೆಯಷ್ಟು ತಡ ಮಾಡುತ್ತದೆ. ತಡವಾದವನು ಮೊದಲ ತಿರುವಿಗೆ ಮೂವರ ಹಿಂದೆ, ಅವರು ಎರಚುವ ಮಣ್ಣಿನೊಳಗೆ ನುಗ್ಗಬೇಕು.

ಮಾತ್ರೆಯ ವಿಷಯ. ಅವರಪ್ಪನ ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ಟ್ರಮಡಾಲ್ ಎಂದಿದ್ದರೆ ಅದು 2024ರ ಜನವರಿಯಿಂದ ಸ್ಪರ್ಧೆಯ ವೇಳೆ ನಿಷಿದ್ಧ ಔಷಧಗಳ ಪಟ್ಟಿಯಲ್ಲಿದೆ. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, 'ಅಪ್ಪನ ಮಾತ್ರೆ, ಗೊತ್ತಿರಲಿಲ್ಲ' ಅನ್ನುವುದು ಉತ್ತರವಾಗುವುದಿಲ್ಲ. ನಿಷೇಧದ ಮಾತು ಬಿಡಿ, ಅದು ಮಂಪರು ತರುವ ಮಾತ್ರೆ. ಬ್ರೇಕ್ ಇಲ್ಲದ ಬೈಕಿನ ಮೇಲೆ ಕೂರುವವನು ಅದನ್ನು ನುಂಗಬಾರದು. ಬೇರೆ ಮಾತ್ರೆಯಾಗಿದ್ದರೂ, ಇನ್ನೊಬ್ಬರಿಗೆ ಬರೆದುಕೊಟ್ಟ ನೋವಿನ ಮಾತ್ರೆ ನುಂಗಿ ರೇಸಿಗೆ ಇಳಿಯುವುದು ಇವತ್ತಿಗೇ ನಿಲ್ಲಲಿ.

ಈಗ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಈ ಆಟ ನೋಡಿರದ ಓದುಗರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಸ್ಪೀಡ್‌ವೇ ಎಂದರೆ ಮಣ್ಣಿನ ಅಂಡಾಕಾರದ ಟ್ರ್ಯಾಕ್‌ನಲ್ಲಿ ನಾಲ್ವರು ಸವಾರರು ಅಪ್ರದಕ್ಷಿಣವಾಗಿ ನಾಲ್ಕು ಸುತ್ತು ಹಾಕುವ ರೇಸ್. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರ್, ಬ್ರೇಕ್ ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ತಳ ಹಾಕಿದ ಎಡಗಾಲನ್ನು ನೆಲಕ್ಕೆ ಉಜ್ಜುತ್ತಾ ತಿರುಗಬೇಕು. ಮೊದಲು ಬಂದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಇಂಥ ಒಂದು ರೇಸಿಗೆ ಹೀಟ್ ಎನ್ನುತ್ತಾರೆ, ಅದು ಮುಗಿಯುವುದು ಸುಮಾರು ಒಂದು ನಿಮಿಷದಲ್ಲಿ. ಲೀಗ್ ಪಂದ್ಯವೊಂದರಲ್ಲಿ ಹದಿನೈದು ಹೀಟ್‌ಗಳು. ಒಬ್ಬ ಸವಾರನಿಗೆ ಸಾಮಾನ್ಯವಾಗಿ ನಾಲ್ಕೈದು, ಬೇರೆಯವರ ಬದಲಿಗೂ ಇಳಿಯುವ ರಿಸರ್ವ್ ಹುಡುಗನಿಗೆ ಒಮ್ಮೊಮ್ಮೆ ಏಳು.

ಈ ಲೆಕ್ಕ ನೋಡಿದರೆ ನಿಮ್ಮ ಕೋಚ್ ಹೇಳಿದ್ದು ಪೊಳ್ಳಲ್ಲ ಎಂದು ಗೊತ್ತಾಗುತ್ತದೆ. ಒಂದೇ ಕ್ಲಬ್ಬಿಗೆ ಓಡಿಸುವ ಹುಡುಗನಿಗೆ ವಾರಕ್ಕೆ ಸಿಗುವುದು ಐದಾರು ನಿಮಿಷದ ನಿಜವಾದ ರೇಸ್. ಫುಟ್‌ಬಾಲ್ ಆಡುವ ಹುಡುಗ ದಿನಾ ಮೈದಾನಕ್ಕಿಳಿಯಬಹುದು. ಸ್ಪೀಡ್‌ವೇ ಹುಡುಗನಿಗೆ ದಿನಾ ಟ್ರ್ಯಾಕ್ ಸಿಗುವುದಿಲ್ಲ. ಅದಕ್ಕೇ ಈ ಆಟದಲ್ಲಿ ಒಬ್ಬನೇ ಸವಾರ ಏಕಕಾಲಕ್ಕೆ ಎರಡು-ಮೂರು ದೇಶದ ಕ್ಲಬ್‌ಗಳಿಗೆ ಓಡಿಸುವುದು ಹಿಂದಿನಿಂದ ಬಂದ ಪದ್ಧತಿ. ಲೀಗ್‌ಗಳೂ ಹಾಗೆಯೇ ವಾರ ಹಂಚಿಕೊಂಡಿವೆ: ಪೋಲೆಂಡಿನ ಎಕ್ಸ್‌ಟ್ರಾಲೀಗಾ ಶುಕ್ರವಾರ ಮತ್ತು ಭಾನುವಾರ, ಸ್ವೀಡನ್ನಿನ ಮೇಲಿನ ಲೀಗ್ ಬಹುಮಟ್ಟಿಗೆ ಮಂಗಳವಾರ, ಡೆನ್ಮಾರ್ಕ್ ಬುಧವಾರ, ಬ್ರಿಟನ್ನಿನ ಮೊದಲ ದರ್ಜೆಯ ಪ್ರೀಮಿಯರ್‌ಶಿಪ್ ಸೋಮವಾರ ಮತ್ತು ಗುರುವಾರ. ನಿಮ್ಮ ಮಗನ ಚಾಂಪಿಯನ್‌ಶಿಪ್‌ನಲ್ಲಿ ಒಂದೊಂದು ಕ್ಲಬ್ಬಿಗೆ ಒಂದೊಂದು ದಿನ: ಪೂಲ್‌ನಲ್ಲಿ ಬುಧವಾರ, ಗ್ಲಾಸ್ಗೋದಲ್ಲಿ ಶುಕ್ರವಾರ. ನಿಮ್ಮ ಸೀಮೆಯಿಂದಲೇ ಬಂದ ರಾಬರ್ಟ್ ಲ್ಯಾಂಬರ್ಟ್ 2020ರಲ್ಲಿ ಯುರೋಪಿಯನ್ ಚಾಂಪಿಯನ್ ಆದದ್ದು, ಇನ್ನೊಬ್ಬ ಬ್ರಿಟಿಷ್ ಸವಾರ ಡ್ಯಾನ್ ಬ್ಯೂಲಿ 2022ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಸುತ್ತಾದ ಕಾರ್ಡಿಫ್ ಗ್ರಾನ್ ಪ್ರಿ ಗೆದ್ದದ್ದು, ಪೋಲೆಂಡಿನ ಟ್ರ್ಯಾಕ್‌ಗಳಲ್ಲಿ ಪಳಗಿದ್ದರಿಂದಲೂ ಹೌದು. ಆದ್ದರಿಂದ ಒಂದೇ ಕ್ಲಬ್ ಸಾಕು ಎನ್ನುವ ನಿಮ್ಮ ಯಜಮಾನರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ.

ಆದರೆ ಆ ವಾರದ ಪಟ್ಟಿ ಬಿಸಿಲಿನ ವಾರಕ್ಕೆ ಮಾತ್ರ ಅನ್ವಯ. ಮಣ್ಣಿನ ಟ್ರ್ಯಾಕ್, ಮಳೆ ಬಂದರೆ ಪಂದ್ಯ ರದ್ದು. ರದ್ದಾದ ಪಂದ್ಯ ಇನ್ಯಾವುದೋ ದಿನಕ್ಕೆ ಬಂದು ಕೂರುತ್ತದೆ. ಏಪ್ರಿಲ್‌ನಲ್ಲಿ ಅಚ್ಚುಕಟ್ಟಾಗಿ ಕಾಣುವ ಕ್ಯಾಲೆಂಡರ್ ಆಗಸ್ಟ್ ಹೊತ್ತಿಗೆ ಬಾಕಿ ಪಂದ್ಯಗಳಿಂದ ತುಂಬಿ ಒಂದರ ಮೇಲೊಂದು ಬೀಳುತ್ತದೆ. ಮೂರು ಕ್ಲಬ್‌ಗಳೂ ಒಂದೇ ಸಂಜೆಗೆ ನಿಮ್ಮ ಮಗನನ್ನು ಕೇಳುವುದು ಆಗಲೇ, ಅವನು ಸೀಸನ್ನಿನಲ್ಲಿ ಅತಿ ಹೆಚ್ಚು ದಣಿದಿರುವುದೂ ಆಗಲೇ. ಯಾರಿಗೆ ಮೊದಲ ಹಕ್ಕು ಎಂದು ಒಪ್ಪಂದಗಳಲ್ಲಿ ಬರೆದಿಲ್ಲದಿದ್ದರೆ, ಹೆಚ್ಚು ದುಡ್ಡು ಕೊಡುವವರೇ ಗೆಲ್ಲುತ್ತಾರೆ. ಅದು ಬಹುಪಾಲು ಪೋಲೆಂಡ್.

ದಣಿವಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. 'ಹುಡುಗರು, ನಾಲ್ಕು ಗಂಟೆ ಮಲಗಿದರೆ ಸಾಕು' ಎನ್ನುತ್ತಾರೆ. ನಿಜ ಇದಕ್ಕೆ ತದ್ವಿರುದ್ಧ. ಹದಿಹರೆಯದವರಿಗೆ ದೊಡ್ಡವರಿಗಿಂತ ಹೆಚ್ಚು ನಿದ್ದೆ ಬೇಕು, ಎಂಟರಿಂದ ಹತ್ತು ಗಂಟೆ. ಹದಿನೇಳು ಗಂಟೆ ಎದ್ದೇ ಇದ್ದವರ ಪ್ರತಿಕ್ರಿಯೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಪೋಲೆಂಡಿನಲ್ಲೂ ಸ್ವೀಡನ್ನಿನಲ್ಲೂ ವಾಹನ ಓಡಿಸುವವರಿಗೆ ಇರುವ ಮಿತಿ 0.02. ಈಗ ನಿಮ್ಮ ಮಗನ ದಿನ ಊಹಿಸಿಕೊಳ್ಳಿ: ಬೆಳಗಿನ ಜಾವದ ವಿಮಾನಕ್ಕೆ ಮೂರು ಗಂಟೆಗೆ ಏಳುವುದು, ರಾತ್ರಿ ಎಂಟಕ್ಕೆ ಕೊನೆಯ ಹೀಟ್. ಅಷ್ಟರಲ್ಲಿ ಹದಿನೇಳು ಗಂಟೆ ಆಗಿಯೇ ಹೋಯಿತು. ಕುಡಿದು ಬಂದಿದ್ದರೆ ಅವನನ್ನು ಯಾರೂ ಬೈಕ್ ಹತ್ತಲು ಬಿಡುತ್ತಿರಲಿಲ್ಲ. ನಿದ್ದೆಗೆಟ್ಟವನನ್ನು ಯಾರೂ ಅಳೆಯುವುದಿಲ್ಲ.

ನನಗೆ ಅದಕ್ಕಿಂತಲೂ ಹೆಚ್ಚು ಭಯ ಹುಟ್ಟಿಸುವುದು ವ್ಯಾನ್. ಪಂದ್ಯ ಮುಗಿದು, ಬೈಕ್ ತೊಳೆದು, ಸಾಮಾನು ತುಂಬಿ ಹೊರಡುವಾಗ ರಾತ್ರಿ ಹನ್ನೊಂದು. ನಾಳೆ ಇನ್ನೊಂದು ಊರು. ಚಿಕ್ಕ ಹುಡುಗರ ಬಳಿ ಸಂಬಳದ ಡ್ರೈವರ್ ಇರುವುದಿಲ್ಲ, ಅಪ್ಪನೋ ಮೆಕ್ಯಾನಿಕ್ಕೋ ಸ್ವತಃ ಸವಾರನೋ ಓಡಿಸುತ್ತಾರೆ. ಟ್ರ್ಯಾಕ್‌ನಲ್ಲಾದರೆ ಗಾಳಿ ತುಂಬಿದ ಬೇಲಿ ಇದೆ, ಆಂಬುಲೆನ್ಸ್ ಇದೆ, ನಮ್ಮಂಥ ವೈದ್ಯರಿದ್ದಾರೆ. ನಡುರಾತ್ರಿಯ ಹೆದ್ದಾರಿಯಲ್ಲಿ ಯಾರೂ ಇಲ್ಲ. ಯಾವ ಒಪ್ಪಂದಕ್ಕೆ ಒಪ್ಪಿದರೂ, ರೇಸ್ ಮಾಡಿದ ರಾತ್ರಿ ಸವಾರ ವ್ಯಾನ್ ಓಡಿಸಬಾರದು ಎಂಬ ನಿಯಮ ಮನೆಯಲ್ಲೇ ಆಗಬೇಕು. ಆ ರಾತ್ರಿಯ ಹೋಟೆಲ್ ಖರ್ಚು ಯಾರದು ಎಂದು ಮೊದಲೇ ಕ್ಲಬ್ಬನ್ನು ಕೇಳಿ.

ಇನ್ನು ದುಡ್ಡು. ನಿಮ್ಮ ಮೈದುನ ಕೇಳಿದ್ದು ಸುಳ್ಳಲ್ಲ. ಜಗತ್ತಿನಲ್ಲಿ ಸ್ಪೀಡ್‌ವೇಗೆ ಅತಿ ಹೆಚ್ಚು ದುಡ್ಡಿರುವುದು ಪೋಲೆಂಡಿನಲ್ಲೇ. ಆದರೆ ಆ ದುಡ್ಡು ಯಾರಿಗೆ? ಅಲ್ಲಿಯ ಒಪ್ಪಂದ ಸಾಮಾನ್ಯವಾಗಿ ಎರಡು ಭಾಗ: ಸೀಸನ್ನಿಗೆ ಸಿದ್ಧನಾಗಲು ಒಂದು ಮೊತ್ತ, ಆಮೇಲೆ ಗಳಿಸಿದ ಪ್ರತಿ ಪಾಯಿಂಟ್‌ಗೆ ಇಷ್ಟು ಎಂದು. ಸೊನ್ನೆ ತಂದರೆ ಪಾಯಿಂಟ್ ದುಡ್ಡಿಲ್ಲ. ಸವಾರ ಕ್ಲಬ್ಬಿನ ನೌಕರನಲ್ಲ, ತನ್ನದೇ ಚಿಕ್ಕ ವ್ಯಾಪಾರದ ಯಜಮಾನ. ಎಂಜಿನ್ ಅವನದು, ಎಂಜಿನ್ ಟ್ಯೂನರ್‌ನ ಬಿಲ್ ಅವನದು, ಮೆಕ್ಯಾನಿಕ್ ಸಂಬಳ, ಟೈರ್, ಡೀಸೆಲ್ ಎಲ್ಲ ಅವನದೇ. ಎರಡು ದೇಶದಲ್ಲಿ ಓಡಿಸಬೇಕೆಂದರೆ ಎರಡು ಕಡೆಯೂ ಬೈಕ್ ಇಡಬೇಕಾಗುತ್ತದೆ, ಇಲ್ಲವೇ ಪ್ರತಿ ಸಲ ಸಾಗಿಸಬೇಕು. ಹೊಸ ಹುಡುಗರ ಮೊದಲ ವಿದೇಶಿ ಸೀಸನ್ ನಷ್ಟದಲ್ಲಿ ಮುಗಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಲಿಯಲು ಕೊಟ್ಟ ಶುಲ್ಕ ಎಂದುಕೊಂಡರೆ ಅದು ತಪ್ಪಲ್ಲ. ಆದಾಯ ಎಂದುಕೊಂಡು ಮನೆ ಮೇಲೆ ಸಾಲ ತೆಗೆಯಬೇಡಿ.

ಇನ್ನೂ ಮುಖ್ಯವಾದ ಒಂದು ಪ್ರಶ್ನೆಯನ್ನು ಆ ಪೋಲಿಷ್ ಕ್ಲಬ್ಬಿಗೆ ಕೇಳಬೇಕು: ನಮ್ಮ ಹುಡುಗ ಓಡಿಸುವುದು ಯಾವ ತಂಡಕ್ಕೆ? ಎಕ್ಸ್‌ಟ್ರಾಲೀಗಾದ ಮುಖ್ಯ ತಂಡದಲ್ಲಿ 21 ವರ್ಷದೊಳಗಿನವರಿಗೆ ಮೀಸಲಾದ ಜಾಗಗಳು ಪೋಲಿಷ್ ಹುಡುಗರಿಗೆ. 24 ವರ್ಷದೊಳಗಿನ ಒಬ್ಬ ಸವಾರನಿಗೆ ಇನ್ನೊಂದು ಜಾಗ ಇದೆ, ಅದಕ್ಕೆ ವಿದೇಶಿಯರೂ ಬರಬಹುದು. ಅಲ್ಲಿ ಪೈಪೋಟಿ ಬಿರುಸು. 2022ರಿಂದ ಕ್ಲಬ್‌ಗಳು ನಡೆಸುತ್ತಿರುವ ಯು-24 ಲೀಗ್ ಬೇರೆಯೇ. ನಿಮ್ಮ ಮಗನ ವಯಸ್ಸಿನ ವಿದೇಶಿ ಹುಡುಗನಿಗೆ ಬರುವ ಕರೆ ಬಹುಮಟ್ಟಿಗೆ ಈ ಯು-24 ಲೀಗ್‌ಗೆ. ಕಲಿಯಲು ಅದು ಒಳ್ಳೆಯ ಜಾಗ. ತುಂಬಿದ ಕ್ರೀಡಾಂಗಣ, ಟಿವಿ, ಕೈತುಂಬ ದುಡ್ಡು ಅಲ್ಲಿಲ್ಲ. ಕರಡಿನಲ್ಲಿ ಕ್ಲಬ್ಬಿನ ಹೆಸರು ದೊಡ್ಡದಾಗಿ ಇರುತ್ತದೆ, ಯಾವ ತಂಡ, ಕನಿಷ್ಠ ಎಷ್ಟು ಪಂದ್ಯ ಎಂಬುದು ಇರುವುದಿಲ್ಲ. ಅದನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ. ಹದಿನೆಂಟು ತುಂಬದವನ ಒಪ್ಪಂದಕ್ಕೆ ನಿಮ್ಮ ಸಹಿಯನ್ನೂ ಕೇಳುತ್ತಾರೆ, ಹಾಗಾಗಿ ಕೇಳುವ ಹಕ್ಕು ನಿಮಗಿದೆ.

ಪಾಯಿಂಟ್ ಲೆಕ್ಕದ ಈ ಸಂಬಳವೇ ನಿಮ್ಮ ಮಗ ಮಣಿಕಟ್ಟನ್ನು ಮುಚ್ಚಿಡಲು ಅರ್ಧ ಕಾರಣ. ಇನ್ನರ್ಧ, ಜಾಗ ಹೋಗುತ್ತದೆಂಬ ಭಯ. ಪಿಟ್ಸ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಬೈಕ್ ಸಿದ್ಧಮಾಡುವ ಜಾಗದಲ್ಲಿ, ಒಮ್ಮೆ ಒಬ್ಬ ಹುಡುಗ ಎಡಗೈ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ಬಲಗೈ ಖಾಲಿಯೇ ಇತ್ತು, ಆದರೆ ಮಣಿಕಟ್ಟಿನ ಪಟ್ಟಿಯನ್ನು ಮುಟ್ಟಲೂ ಆಗದಷ್ಟು ನೋವು. 'ಹೇಗಿದೆ ಕೈ' ಎಂದೆ. 'ಚೆನ್ನಾಗಿದೆ' ಎಂದ. ಮೆಕ್ಯಾನಿಕ್ ತಲೆ ತಗ್ಗಿಸಿ ಸ್ಪ್ರಾಕೆಟ್ ಬದಲಿಸುತ್ತಿದ್ದ, ಮ್ಯಾನೇಜರ್ ಮುಂದಿನ ಹೀಟ್‌ನ ಪಟ್ಟಿ ನೋಡುತ್ತಿದ್ದ. ಅಲ್ಲಿದ್ದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೆ ಇವತ್ತು ಓಡಿಸಬೇಡ ಎಂದು ಹೇಳುವುದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ. ಹುಡುಗರು ತಾವಾಗಿ ಹೇಳುವುದಿಲ್ಲ, ಹೇಳಲೆಂದು ನಾವು ಕಾಯಲೂಬಾರದು. ಬೇಡ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಚಳಿಗಾಲದಲ್ಲೇ, ಕಾಗದದ ಮೇಲೆ, ತೀರ್ಮಾನವಾಗಿರಬೇಕು. ಎಷ್ಟು ಕ್ಲಬ್ ಎಂಬುದಕ್ಕಿಂತ ನನಗೆ ಇದೇ ದೊಡ್ಡ ಪ್ರಶ್ನೆ.

ಅವನ ಭಯವನ್ನು ಸ್ವಲ್ಪ ಕಡಿಮೆ ಮಾಡಬಹುದು. ಬ್ರಿಟನ್ನಿನಲ್ಲಿ ಕಾರಣವಿಲ್ಲದೆ ಕ್ಲಬ್ಬಿಗೆ ಬರದೇ ಹೋದವರಿಗೆ 28 ದಿನಗಳ ನಿಷೇಧ ಹಾಕುವ ನಿಯಮ ಇದೆ. ಹುಡುಗರು ಇದನ್ನು ಕೇಳಿ, ಗಾಯ ಎಂದರೂ ನಿಷೇಧ ಬೀಳುತ್ತದೆಂದು ನಂಬಿರುತ್ತಾರೆ. ಹಾಗಲ್ಲ. ವೈದ್ಯರ ಪ್ರಮಾಣಪತ್ರ ಕೊಟ್ಟು ಹೊರಗುಳಿಯುವುದು ಬೇರೆ ವಿಷಯ. ಅವನಿಲ್ಲದಿದ್ದರೆ ತಂಡ ಮುಳುಗುವುದೂ ಇಲ್ಲ. ಗಾಯಗೊಂಡವನ ಜಾಗಕ್ಕೆ ಬೇರೆ ತಂಡದಿಂದ ಅತಿಥಿ ಸವಾರನನ್ನು ಕರೆಯಲು ಅಥವಾ ಅವನ ರೇಸ್‌ಗಳನ್ನು ತಂಡದವರೇ ಹಂಚಿಕೊಳ್ಳಲು ಬ್ರಿಟಿಷ್ ನಿಯಮಗಳಲ್ಲಿ ಅವಕಾಶವಿದೆ. ಒಂದು ಮಾತ್ರ ನೆನಪಿರಲಿ: ಗುರುವಾರ ಇಂಗ್ಲೆಂಡಿನಲ್ಲಿ ಗಾಯ ಎಂದವನು ಭಾನುವಾರ ಪೋಲೆಂಡಿನಲ್ಲಿ ಓಡಿಸಿದರೆ ಯಾವ ಕ್ಲಬ್ಬೂ ಮತ್ತೆ ನಂಬುವುದಿಲ್ಲ. ದೇಹ ಒಂದೇ, ಒಂದು ಕಡೆ ಅನರ್ಹನಾದರೆ ಎಲ್ಲ ಕಡೆಯೂ ಅನರ್ಹ. ತಲೆಗೆ ಪೆಟ್ಟು ಬಿದ್ದಾಗಲಂತೂ ಇದರಲ್ಲಿ ರಾಜಿಯೇ ಇಲ್ಲ. ಬ್ರಿಟನ್ನಿನಲ್ಲಿ ಹವ್ಯಾಸಿ ಕ್ರೀಡೆಗಳಿಗೆ 2023ರಲ್ಲಿ ಬಂದ ಮಾರ್ಗಸೂಚಿ, ಕನ್ಕಷನ್ (ಪೆಟ್ಟಿನಿಂದ ಮಿದುಳು ಅಲುಗುವುದು) ಆದವರು 21 ದಿನಕ್ಕೆ ಮುಂಚೆ ಸ್ಪರ್ಧೆಗೆ ಮರಳಬಾರದು ಎನ್ನುತ್ತದೆ. ವೃತ್ತಿಪರರಿಗೆ ತಜ್ಞರ ನಿಗಾದಲ್ಲಿ ಬೇರೆ ದಾರಿಗಳಿರಬಹುದು. ಹದಿನೇಳರ ಹುಡುಗನ ವಿಷಯದಲ್ಲಿ ನಾನು ಆ 21 ದಿನವನ್ನೇ ಹಿಡಿಯುತ್ತೇನೆ. ಒಂದು ದೇಶದಲ್ಲಿ ಬಿದ್ದದ್ದು ಇನ್ನೊಂದು ದೇಶದ ಟ್ರ್ಯಾಕ್ ಡಾಕ್ಟರಿಗೆ ಗೊತ್ತಾಗದೇ ಹೋಗುವ ಅಪಾಯ ಇದೆ. ಅದಕ್ಕೆ ಬಿದ್ದ ದಿನಾಂಕ, ಗಾಯ, ಚಿಕಿತ್ಸೆ ಎಲ್ಲ ಬರೆದ ಒಂದು ಪುಸ್ತಕ ನಿಮ್ಮ ಕೈಯಲ್ಲಿರಲಿ, ಅವನ ಬ್ಯಾಗಿನಲ್ಲಿ ಅದರ ಪ್ರತಿ ಇರಲಿ.

ಪಾಸ್‌ಪೋರ್ಟ್ ಲೆಕ್ಕವನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ, ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ವೀಸಾ ಇಲ್ಲದೆ ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮ ನಡುವಿನ ಗಡಿ ತಪಾಸಣೆ ತೆಗೆದ ಯುರೋಪಿನ ದೇಶಗಳಲ್ಲಿ, ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ. ಪೋಲೆಂಡ್, ಸ್ವೀಡನ್, ಡೆನ್ಮಾರ್ಕ್ ಎಲ್ಲ ಸೇರಿ 90. ಹೋದ ದಿನ, ಬಂದ ದಿನ ಎರಡೂ ಲೆಕ್ಕಕ್ಕೆ. ವಾರಕ್ಕೆ ಪೋಲೆಂಡಿನಲ್ಲಿ ಮೂರು ದಿನ, ಸ್ವೀಡನ್ನಿನಲ್ಲಿ ಎರಡು ದಿನ ಎಂದಿಟ್ಟುಕೊಳ್ಳಿ. ಇಪ್ಪತ್ತಾರು ವಾರಕ್ಕೆ 130 ದಿನ. ಮಿತಿ ಎಲ್ಲೋ ಹಿಂದೆ ಉಳಿಯಿತು. ಪೋಲೆಂಡ್ ಒಂದೇ ಆದರೆ 78, ಹೇಗೋ ಒಳಗೆ ಬೀಳುತ್ತದೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಮುಖಚಿತ್ರ ತೆಗೆದು ಕಂಪ್ಯೂಟರೇ ದಿನ ಎಣಿಸುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ, ಕಣ್ತಪ್ಪಿಸುವ ಮಾತಿಲ್ಲ. 90 ದಿನ ಇರಬಹುದು ಎಂದರೆ ದುಡಿಯಬಹುದು ಎಂದೂ ಅಲ್ಲ, ಅದಕ್ಕೆ ಆಯಾ ದೇಶದ ನಿಯಮ ಬೇರೆ ಇದೆ. ವೀಸಾ, ಕೆಲಸದ ಪರವಾನಗಿ ಯಾರು ಮಾಡಿಸುತ್ತಾರೆ ಎಂದು ಕ್ಲಬ್ಬಿನಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಹೊರದೇಶದಲ್ಲಿ ಓಡಿಸಲು ತನ್ನ ದೇಶದ ಮೋಟಾರ್‌ಸೈಕಲ್ ಒಕ್ಕೂಟದ ಅನುಮತಿಯೂ ಬೇಕು.

ವಿಮೆ ಇಲ್ಲದೆ ಗಡಿ ದಾಟಬೇಡಿ. ಬ್ರಿಟನ್ನಿನ ಉಚಿತ ಆರೋಗ್ಯ ಕಾರ್ಡ್ ಯುರೋಪಿನ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ ಆಗುತ್ತದೆ, ಗಾಯಾಳುವನ್ನು ವಿಮಾನದಲ್ಲಿ ಮನೆಗೆ ಕರೆತರುವ ಖರ್ಚಿಗೆ ಆಗುವುದಿಲ್ಲ. ಸಾಮಾನ್ಯ ಪ್ರವಾಸ ವಿಮೆಗಳು ಮೋಟಾರ್ ರೇಸಿಂಗ್ ಎಂದ ಕೂಡಲೇ ಕೈತೊಳೆದುಕೊಳ್ಳುತ್ತವೆ. ಲೈಸೆನ್ಸ್ ಜೊತೆ ಬರುವ ವಿಮೆಯಲ್ಲಿ ಬೆನ್ನುಹುರಿ ಗಾಯಕ್ಕೆ, ದೀರ್ಘಕಾಲದ ಆರೈಕೆಗೆ ಎಷ್ಟಿದೆ ಎಂದು ಓದಿ ನೋಡಿ. ಹೆದರಿಸಲು ಹೇಳುತ್ತಿಲ್ಲ, ಆದರೆ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ 2015ರ ಆಗಸ್ಟ್‌ನಲ್ಲಿ ಪೋಲೆಂಡಿನ ಜೆಲೋನಾ ಗೂರಾದಲ್ಲಿ ಬಿದ್ದು ನಡೆಯುವ ಶಕ್ತಿ ಕಳೆದುಕೊಂಡಾಗ ಇನ್ನೂ ಇಪ್ಪತ್ಮೂರರ ಯುವಕ. ಮೂರು ಸಲದ ವಿಶ್ವ ಚಾಂಪಿಯನ್ ಟೈ ವಾಫಿಂಡೆನ್ 2025ರ ಮಾರ್ಚ್‌ನಲ್ಲಿ ಪೋಲೆಂಡಿನದೇ ಕ್ರೊಸ್ನೊದಲ್ಲಿ ಅನೇಕ ಮೂಳೆ ಮುರಿದುಕೊಂಡದ್ದು ಸೀಸನ್ ಶುರುವಾಗುವ ಮುಂಚಿನ ಸ್ನೇಹಪಂದ್ಯದಲ್ಲಿ. ಅಷ್ಟು ಅನುಭವ ಇದ್ದವರಿಗೂ ಅಪಾಯ ತಪ್ಪಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೂರೂ ಕ್ಲಬ್ ಒಪ್ಪುವುದನ್ನು ನಾನು ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ದಿನಗಳ ಲೆಕ್ಕ, ನಿದ್ದೆಯ ಲೆಕ್ಕ, ಬೈಕಿನ ಲೆಕ್ಕ ಯಾವುದೂ ಕೂಡುವುದಿಲ್ಲ. ವಾಫಿಂಡೆನ್‌ನಂಥವರೇ ಕೆಲವು ವರ್ಷ ಬ್ರಿಟಿಷ್ ಲೀಗ್ ಬಿಟ್ಟು ಹೊರೆ ಇಳಿಸಿಕೊಂಡಿದ್ದರು. ಸ್ವೀಡನ್ ಕ್ಲಬ್ಬಿಗೆ ವಿನಯದಿಂದ ಪತ್ರ ಬರೆದು, ಒಂದು ವರ್ಷ ಬಿಟ್ಟು ಮತ್ತೆ ಕೇಳಿ ಎಂದು ಹೇಳಲಿ. ಒಳ್ಳೆಯ ಹುಡುಗನನ್ನು ಅವರು ಮರೆಯುವುದಿಲ್ಲ.

ಬ್ರಿಟನ್ನಿನಲ್ಲೇ ಎರಡು ತಂಡಗಳಿಗೆ ಓಡಿಸುವುದು ಸುರಕ್ಷಿತ ದಾರಿ. ರಾತ್ರಿ ಮನೆಯ ಹಾಸಿಗೆ, ಪರಿಚಿತ ಆಸ್ಪತ್ರೆ, ಪರೀಕ್ಷೆಗೂ ಸಮಯ. ಅಪಾಯ ಏನೆಂದರೆ ಬೆಳವಣಿಗೆ ಒಂದು ಹಂತಕ್ಕೆ ನಿಲ್ಲಬಹುದು. ಇನ್ನೊಂದು ಸೂಕ್ಷ್ಮವೂ ಇದೆ. ಬ್ರಿಟಿಷ್ ತಂಡಗಳನ್ನು ಸವಾರರ ಸರಾಸರಿ ಪಾಯಿಂಟ್ ಕೂಡಿ, ಒಂದು ಮಿತಿಯೊಳಗೆ ಕಟ್ಟಬೇಕು. ಹುಡುಗನ ಸರಾಸರಿ ಬೇಗ ಏರಿದರೆ ಮರುವರ್ಷ ಅದೇ ತಂಡದಲ್ಲಿ ಅವನಿಗೆ ಜಾಗವೇ ಹೊಂದದಿರಬಹುದು. ಇವತ್ತು ಬಿಡುವುದಿಲ್ಲ ಎನ್ನುವ ಕ್ಲಬ್ ನಾಳೆ ಬಿಡಬೇಕಾಗಬಹುದು, ಅದನ್ನು ದ್ರೋಹ ಎಂದುಕೊಳ್ಳಬೇಡಿ.

ನನ್ನ ಸಲಹೆ ಇವೆರಡರ ನಡುವಿನದು, ಅದೂ ಮಣಿಕಟ್ಟಿನ ಎಂಆರ್‌ಐ ಸರಿಯಾಗಿ ಬಂದರೆ ಮಾತ್ರ. ಬ್ರಿಟನ್ನಿನಲ್ಲಿ ಚಾಂಪಿಯನ್‌ಶಿಪ್ ತಂಡ ಒಂದೇ ಇರಲಿ, ಡೆವಲಪ್‌ಮೆಂಟ್ ಲೀಗ್ ಬಿಡಲಿ. ಪೋಲೆಂಡಿಗೆ ಯು-24 ತಂಡಕ್ಕೆ, ಮೊದಲೇ ಗೊತ್ತುಮಾಡಿದ ಕೆಲವು ಪಂದ್ಯಗಳಿಗೆ ಮಾತ್ರ ಹೋಗಲಿ, ಅದೂ ಪರೀಕ್ಷೆ ಮುಗಿದ ಮೇಲೆ, ಜೂನ್ ಕೊನೆಯಿಂದ. ಅಲ್ಲಿ ಕ್ಲಬ್ಬಿನದೇ ಬೈಕ್ ಸಿಗುವುದಾದರೆ ಅರ್ಧ ತಾಪತ್ರಯ ತಪ್ಪುತ್ತದೆ, ಕೇಳಿ ನೋಡಿ. ಇಂಗ್ಲೆಂಡಿನಲ್ಲಿ ಹದಿನೆಂಟರವರೆಗೆ ಓದು ಅಥವಾ ತರಬೇತಿಯಲ್ಲಿರುವುದು ಕಾನೂನಿನ ಮಾತೂ ಹೌದು. ಸ್ಕೇಫಾಯ್ಡ್ ಮುರಿದಿದೆ ಎಂದು ಬಂದರೆ ಮುಂದಿನ ಸೀಸನ್ನಿಗೆ ಪೋಲೆಂಡ್ ಬೇಡ. ಕೈ ಕೂಡಿಕೊಂಡಿದೆ ಎಂದು ತಜ್ಞರು ಹೇಳಿದ ಮೇಲೆ ಬ್ರಿಟನ್ನಿನಲ್ಲೇ ಮರಳಲಿ.

ಎರಡೂ ಒಪ್ಪಂದಗಳಲ್ಲಿ ಈ ನಾಲ್ಕು ಮಾತು ಇರಲೇಬೇಕು: ದಿನಾಂಕ ಡಿಕ್ಕಿಯಾದರೆ ಯಾವ ಕ್ಲಬ್ಬಿಗೆ ಮೊದಲ ಹಕ್ಕು, ಸತತ ಎರಡು ರಾತ್ರಿ ಎರಡು ದೇಶದಲ್ಲಿ ರೇಸ್ ಇಲ್ಲ, ವೈದ್ಯರು ಅಥವಾ ಪೋಷಕರು ಬೇಡ ಎಂದ ದಿನ ದಂಡವಿಲ್ಲ, ಗಾಯದಿಂದ ಹೊರಗುಳಿದರೆ ಸಿದ್ಧತೆಯ ಮೊತ್ತ ವಾಪಸ್ ಕೇಳುವಂತಿಲ್ಲ. ಪೋಲಿಷ್ ಭಾಷೆಯ ಕರಡನ್ನು ಕ್ಲಬ್ ಕೊಟ್ಟ ಅನುವಾದ ನಂಬಿ ಒಪ್ಪಬೇಡಿ, ನಿಮ್ಮ ಕಡೆಯ ವಕೀಲರಿಂದ ಓದಿಸಿ. ಈ ಷರತ್ತುಗಳಿಗೆ ಮುಖ ಸಿಂಡರಿಸುವ ಕ್ಲಬ್, ಆಗಸ್ಟ್‌ನಲ್ಲಿ ನಿಮ್ಮ ಮಗ ದಣಿದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಈಗಲೇ ತೋರಿಸಿಕೊಟ್ಟಂತೆ.

ಆಣೆಯ ವಿಷಯ ಕೊನೆಗೆ. ಅವನ ಬೆನ್ನ ಹಿಂದೆ ಕ್ಲಬ್ಬಿಗೆ ಫೋನ್ ಮಾಡಬೇಡಿ. ಮಾಡಿದರೆ ಮುಂದಿನ ಗಾಯವನ್ನು ಅವನು ನಿಮ್ಮಿಂದಲೂ ಮುಚ್ಚಿಡುತ್ತಾನೆ. ಮೊದಲು ಎಂಆರ್‌ಐ, ಆ ವರದಿಯನ್ನು ಅವನೇ ತನ್ನ ಕೈಯಾರೆ ಮ್ಯಾನೇಜರ್‌ಗೆ ಕೊಡಲಿ, ನೀವಿಬ್ಬರೂ ಪಕ್ಕದಲ್ಲಿ ಕೂತಿರಿ. ಈಗ ಸೀಸನ್ ಮುಗಿದಿದೆ, ಮಾರ್ಚ್‌ವರೆಗೆ ಸಮಯವಿದೆ, ಇವತ್ತು ಹೇಳಿದರೆ ಅವನ ಜಾಗ ಹೋಗುವ ಸಾಧ್ಯತೆ ಅತಿ ಕಡಿಮೆ. ಅವನು ಒಪ್ಪದೆ ಪೋಲೆಂಡ್ ಒಪ್ಪಂದಕ್ಕೆ ಸಹಿ ಕೇಳಿದರೆ, ವರದಿ ಕೈಗೆ ಬರುವವರೆಗೆ ಸಹಿ ಹಾಕಬೇಡಿ.